ಎಲೆಕ್ಷನ್ ಕಣ್ಣು

ಪ್ರಜಾಪ್ರಭುತ್ವದ ಭಾರವೆಲ್ಲ ಆ ಬೆಳಿಗ್ಗೆ ಅರ್ಧ ಈರುಳ್ಳಿಯ ಮೇಲೆ ಬಿದ್ದಿತ್ತು. ಆರು ಚುನಾವಣೆಗಳಲ್ಲಿ ಮತಗಟ್ಟೆಯ ಬೆಂಚಿನ ಮೇಲೆ ಮಲಗಿ ಸೊಂಟ ಸೋತಿದ್ದ ಪಾಲಾಕ್ಷಪ್ಪ ಮೇಷ್ಟ್ರು, ಏಳನೆಯದನ್ನು ತಪ್ಪಿಸಿಕೊಳ್ಳಲೆಂದು ಆ ಈರುಳ್ಳಿಯನ್ನು ಎರಡೂ ಕಣ್ಣಿಗೆ ಉಜ್ಜಿಕೊಂಡು ತಾಲ್ಲೂಕು ಆಸ್ಪತ್ರೆಗೆ ಬಂದಿದ್ದರು.

"ಮದ್ರಾಸ್ ಐ, ಡಾಕ್ಟ್ರಮ್ಮ. ಒಂದು ಸರ್ಟಿಫಿಕೇಟ್ ಕೊಟ್ರೆ ಎಲೆಕ್ಷನ್ ಡ್ಯೂಟಿ ಬಿಡಿಸ್ತಾರೆ. ಪಾಪ, ಓಟು ಹಾಕೋರಿಗೆ ಅಂಟಬಾರದಲ್ಲ."

ಡಾಕ್ಟರಮ್ಮ ಆಕಳಿಸಿ, "ತಲೆ ಎತ್ತಿ" ಎಂದು ಆಂಟಿಬಯೋಟಿಕ್ ಹನಿಯ ಬಾಟಲಿ ಹಿಡಿದರು. ಮೇಷ್ಟ್ರು ಕೂತಲ್ಲೇ ಹಿಂದೆ ಸರಿದರು. ರೋಗವಿಲ್ಲದ ಕಣ್ಣಿಗೆ ರೋಗದ ಮದ್ದು ಬಿದ್ದರೆ ಗತಿಯೇನು?

"ಒಂದ್ನಿಮಿಷ ತಾಯಿ. ನಮ್ಮ ಮನೆಯವರು ಕೇಳ್ತಿದ್ರು, ಅಕಸ್ಮಾತ್ ಈ ಹನಿ ಚೆನ್ನಾಗಿರೋ ಕಣ್ಣಿಗೆ ಬಿದ್ರೆ ಕರಿಗುಡ್ಡೆಗೆ ಏನಾದ್ರೂ ಆಗುತ್ತಾ ಅಂತ."

"ಎರಡು ಹನಿಗೆ ಏನೂ ಆಗಲ್ಲ ಮೇಷ್ಟ್ರೇ," ಎನ್ನುತ್ತ ಡಾಕ್ಟರಮ್ಮ ಎರಡೂ ಕಣ್ಣಿಗೆ ಮದ್ದು ಬಿಟ್ಟರು. "ಬೆಳಿಗ್ಗೆಯಿಂದ ಹನ್ನೊಂದು ಜನ ಮೇಷ್ಟ್ರಿಗೆ ಹಾಕಿದೀನಿ. ಎಲ್ಲಾ ಚೆನ್ನಾಗಿರೋ ಕಣ್ಣೇ."

ಮತದಾನದ ದಿನ ಹನ್ನೆರಡು ಮೇಷ್ಟ್ರುಗಳೂ ಡ್ಯೂಟಿಗೆ ಹಾಜರಿದ್ದರು.