ಮಂಚದ ಕೆಳಗಿನ ಕೆಂಚಿ

ಕೋಳಿ ಜಾತಿಯೇ ಹಾಗೆ. ಗುಂಪಿನಲ್ಲಿ ಒಂದು ಸೊರಗಿದರೆ ಉಳಿದವೆಲ್ಲ ಸೇರಿ ಕುಕ್ಕುತ್ತವೆ. ತಲೆಯೆಲ್ಲ ಗಾಯವಾಗಿದ್ದ ಕೆಂಚಿಯನ್ನು ಅತ್ತೆ ಹಿತ್ತಿಲಿನಿಂದ ತರಿಸಿಕೊಂಡು ತನ್ನ ಮಂಚದ ಕೆಳಗೇ ಇಟ್ಟುಕೊಂಡಳು. ಅತ್ತೆಗೆ ಎದೆಯಲ್ಲಿ ಕಫ ಕಟ್ಟಿ ಜ್ವರ. ಕೋಳಿಗೂ ಗಂಟಲಲ್ಲಿ ಗೊರಗೊರ.

ಸೊಸೆ ಬೆಳ್ಳುಳ್ಳಿ ಜಜ್ಜಿ ಅದರ ಬಾಯಿಗೆ ಹಾಕಿದಳು. ಅವಳಿಗೆ ಗೊತ್ತಿದ್ದ ಔಷಧಿ ಅಷ್ಟೇ.

“ಇದಕ್ಕೂ ಮಾತ್ರೆ ತರಿಸವ್ವ,” ಎಂದಳು ಅತ್ತೆ. “ಮರಿಗಳು ಇನ್ನೂ ಸಣ್ಣವು.”

“ಕೋಳಿಗೆ ಯಾರು ಮಾತ್ರೆ ತರ್ತಾರೆ ಅತ್ತೆ? ಮೊದ್ಲು ನೀವು ಹುಷಾರಾಗಿ.”

ದಿನವೂ ಬೆಳಿಗ್ಗೆ, ಸಂಜೆ ಸೊಸೆ ಪಟ್ಟಿಯಿಂದ ಮಾತ್ರೆಯನ್ನು ಚಟಕ್ಕನೆ ಒತ್ತಿ ತೆಗೆದು ಅತ್ತೆಯ ಅಂಗೈಗೆ ಹಾಕುತ್ತಿದ್ದಳು. ಒಲೆಯ ಮೇಲಿನ ಗಂಜಿ ಉಕ್ಕೀತೆಂದು ಒಳಗೆ ಓಡಿ, ಅಲ್ಲಿಂದಲೇ ಕೂಗುತ್ತಿದ್ದಳು.

“ನುಂಗಿದ್ರಾ?”

“ಆಯ್ತು ಕಣವ್ವ.”

ವಾರದೊಳಗೆ ಕೆಂಚಿ ಎದ್ದು ಹಿತ್ತಿಲು ಸೇರಿತು. ಅತ್ತೆ ಏಳಲಿಲ್ಲ. “ಇಷ್ಟು ಒಳ್ಳೆ ಮಾತ್ರೆ, ಯಾಕೆ ಹಿಡೀಲಿಲ್ಲವೋ,” ಎಂದು ಡಾಕ್ಟರೂ ಪೇಚಾಡಿದರು. ಸೊಸೆ ಮಾತ್ರೆಯನ್ನೂ ದೇವರನ್ನೂ ಒಟ್ಟಿಗೇ ಬೈದಳು.

ಮಣ್ಣು ಮಾಡಿ ಬಂದ ಮಾರನೆಯ ದಿನ ಸೊಸೆ ಅಳುತ್ತಲೇ ಅತ್ತೆಯ ಹಾಸಿಗೆ ಸುತ್ತಿದಳು. ದಿಂಬಿನ ಪಕ್ಕದಲ್ಲಿ, ಒಂದೇ ಮಾತ್ರೆ ಉಳಿದಿದ್ದ ಪಟ್ಟಿ ಸಿಕ್ಕಿತು. ಯಾವುದೋ ಧ್ಯಾನದಲ್ಲಿ ಅದನ್ನು ಬೆರಳಿನಿಂದ ಒತ್ತಿದಳು. ಚಟಕ್ಕೆಂದಿತು.

ಹಿತ್ತಿಲಲ್ಲಿ ಮರಿಗಳ ನಡುವೆ ಕೆದಕುತ್ತಿದ್ದ ಕೆಂಚಿ ಓಡೋಡಿ ಒಳಗೆ ಬಂದು, ಬರಿ ಮಂಚದ ಮುಂದೆ ನಿಂತು ಕೊಕ್ಕು ತೆರೆಯಿತು.