ಅನ್ನದ ಕಲ್ಲು

ಪಾಸ್ಟರ್ ಎಲೀಷನ ಬಾಯಲ್ಲಿ ಕಟಕ್ ಎಂದದ್ದು ಸಂತೋಷಮ್ಮನ ಕಿವಿಗೆ ಸ್ಪಷ್ಟವಾಗಿ ಬಿತ್ತು. ಉಗುಳುತ್ತಾನೆ ಎಂದು ಕಾದಳು. ಉಗುಳಲಿಲ್ಲ. ಲೋಟ ಎತ್ತಿದ ಸದ್ದು, ಗಟಗಟ ನೀರು ಇಳಿದ ಸದ್ದು; ಕಲ್ಲೂ ಅದರ ಜೊತೆಗೇ ಇಳಿದುಹೋಯಿತು.

“ಅನ್ನ ಹೆಂಗೈತೆ ಪಾಸ್ಟ್ರೇ?”

“ಮಲ್ಲಿಗೆ ಹೂವಿನಂಗೈತಜ್ಜಿ,” ಎಂದ ಅವನು.

ಮಲ್ಲಿಗೆ ಹೂವಂತೆ! ಸಂತೋಷಮ್ಮ ಗೋಡೆಗೆ ಒರಗಿ ಕೂತಳು. ಪೊರೆ ಬಂದ ಅವಳ ಎರಡು ಕಣ್ಣಿಗೂ ಅವನು ಬಾಗಿಲ ಬೆಳಕಿನಲ್ಲಿ ಅಲ್ಲಾಡುವ ಒಂದು ಬಿಳಿ ಅಂಗಿ, ಅಷ್ಟೇ. ತಪ್ಪೆಲ್ಲ ತನ್ನದೇ. ಭಾನುವಾರ ಆಡಿದ ಆ ಒಂದು ಮಾತಿನದು.

ಎಲೀಷ ಮೊಳಕಾಲ್ಮುರು ಕಡೆಯ ಹುಡುಗ. ತಳಕು ಊರಿನ ಈ ತಗಡಿನ ಪ್ರಾರ್ಥನಾ ಮಂದಿರಕ್ಕೆ ಬಂದು ಇನ್ನೂ ಮೂರು ತಿಂಗಳಾಗಿರಲಿಲ್ಲ. ಅಜ್ಜಿಯ ಕಣ್ಣಿಗಾಗಿ ಮೂರು ದಿನ ಬರೀ ನೀರು ಕುಡಿದು ಉಪವಾಸವಿದ್ದು, ಭಾನುವಾರ ಎಲ್ಲರೆದುರು ಅವಳ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿದ್ದ. “ಈಗ ಕಾಣ್ತೈತಾ ಅಜ್ಜಿ?” ಎಂದು ಕೇಳಿದಾಗ ದನಿಯಲ್ಲಿ ಅದೆಂಥ ಆಸೆ! ನಿಜ ಹೇಳಿದರೆ ಹುಡುಗನ ಮನಸ್ಸು ನೋಯುತ್ತದೆ, ಸುಳ್ಳು ಹೇಳಿದರೆ ದೇವರ ಮನಸ್ಸು. ದೇವರು ದೊಡ್ಡವನು, ಸಹಿಸಿಕೊಂಡಾನು ಎಂದುಕೊಂಡು, “ಕಾಣ್ತೈತಪ್ಪ, ದೇವರಿಗೆ ಸ್ತೋತ್ರ!” ಎಂದುಬಿಟ್ಟಿದ್ದಳು. ಜನ ಚಪ್ಪಾಳೆ ತಟ್ಟಿದ್ದೇ ತಟ್ಟಿದ್ದು.

ಚಪ್ಪಾಳೆ ನಿಂತ ಮೇಲೆ ಫಜೀತಿ ಶುರುವಾಯಿತು. ದಿನಾ ಬಂದು ಅಕ್ಕಿಯಲ್ಲಿ ಕಲ್ಲು ಆರಿಸಿ ಕೊಡುತ್ತಿದ್ದ ಪಕ್ಕದ ಮನೆಯ ಪವಿತ್ರ, “ಇನ್ನೇನಜ್ಜಿ, ನಿಂಗೇ ಕಣ್ಣು ಬಂದ್ವಲ್ಲ!” ಎಂದು ನಗುತ್ತ ಮೊರವನ್ನು ಅವಳ ಕೈಗೇ ಕೊಟ್ಟು ಹೋದಳು. ಅಷ್ಟೇ ಆಗಿದ್ದರೆ ಹೇಗೋ ನಡೆಯುತ್ತಿತ್ತು. ಪವಿತ್ರ ಊರಿನ ಆಶಾ ಕಾರ್ಯಕರ್ತೆ. ಶನಿವಾರ ಚಳ್ಳಕೆರೆಯಲ್ಲಿ ಕಣ್ಣಿನ ಪೊರೆ ತೆಗೆಯುವ ಶಿಬಿರ. ತಳಕಿನಿಂದ ಹೊರಡುವ ವ್ಯಾನಿನ ಪಟ್ಟಿಯಲ್ಲಿ ಮೊದಲಿಗೇ ಬರೆದಿದ್ದ ಸಂತೋಷಮ್ಮನ ಹೆಸರನ್ನು ಅವಳೇ ಹೊಡೆದುಹಾಕಿದ್ದಳು. ಹೊಡೀಬೇಡ ಎನ್ನಲು ಅಜ್ಜಿಗೆ ಬಾಯಿ ಬರಲಿಲ್ಲ. ಬಿಸಿತುಪ್ಪ, ನುಂಗುವಂತಿಲ್ಲ, ಉಗುಳುವಂತಿಲ್ಲ. ಇವತ್ತು ನೋಡಿದರೆ ಗುರುವಾರ, ಪಾಸ್ಟರ್ ಅವಳ ಮನೆಗೆ ಪ್ರಾರ್ಥನೆಗೆ ಬಂದು ಉಂಡು ಹೋಗುವ ದಿನ.

ಮತ್ತೆ ಕಟಕ್. ಮತ್ತೆ ನೀರು.

“ಎರಡಾದ್ವು,” ಎಂದಳು ಸಂತೋಷಮ್ಮ.

“ಏನಜ್ಜಿ?”

“ಕಲ್ಲು. ಕಣ್ಣು ಹೋದ್ರೂ ಕಿವಿ ಹೋಗಿಲ್ಲ ನಂಗೆ. ಕಲ್ಲು ನುಂಗಿ ಮಲ್ಲಿಗೆ ಹೂವು ಅಂತೀರಲ್ಲ, ದೇವರ ವಾಕ್ಯ ಹೇಳೋ ಬಾಯಿ ಅದು!”

ಅಂದವಳೇ ನಾಲಿಗೆ ಕಚ್ಚಿಕೊಂಡಳು. ಕಣ್ಣಿನ ಮಾತು ಹೊರಬಿದ್ದಾಗಿತ್ತು. ಇನ್ನು ಮುಚ್ಚಿಡುವುದೇನು? “ಭಾನುವಾರ ನಾನು ಆಡಿದ್ದು ಸುಳ್ಳು, ಪಾಸ್ಟ್ರೇ. ನಿಮ್ಮ ಮುಖ ಬಾಡಬಾರ್ದು ಅಂತ ಹಂಗಂದೆ. ಆ ಮುಖಾನೂ ಕಂಡಿಲ್ಲ ನಂಗೆ.”

ಎಲೀಷ ಉಣ್ಣುವುದನ್ನು ನಿಲ್ಲಿಸಿದ. “ನಂಗೆ ಅವತ್ತೇ ಗೊತ್ತಿತ್ತಜ್ಜಿ.”

“ಹೆಂಗೆ?”

“ನಾನು ಈ ಕಡೆ ಸರಿದು ನಿಂತಿದ್ದೆ. ಸ್ತೋತ್ರ ಅಂತ ನೀವು ಕೈ ಮುಗಿದಿದ್ದು ನನ್ನ ಕೋಟು ನೇತುಹಾಕಿದ್ದ ಸ್ಟ್ಯಾಂಡ್ ಫ್ಯಾನಿಗೆ.”

ಸಂತೋಷಮ್ಮನಿಗೆ ನಗು ಉಕ್ಕಿ ಬಂತು. ಅವನು ನಗದಿದ್ದುದರಿಂದ ಅರ್ಧಕ್ಕೇ ನಿಂತಿತು.

“ಗೊತ್ತಿದ್ದೂ ಯಾಕೆ ಸುಮ್ನಿದ್ರಿ?”

“ಪಾಪ, ಅಜ್ಜಿ ಮಾನ ಹೋಗ್ತೈತೆ ಅಂತ ಸುಮ್ನಾದೆ. ಹಂಗಂದ್ಕೊಂಡೆ.” ಅವನ ದನಿ ಸಣ್ಣದಾಯಿತು. “ಆಮೇಲೆ ಬೀದೀಲಿ ಜನ, ಈ ಪಾಸ್ಟರ್ ಕೈಗುಣ ದೊಡ್ಡದು ಅನ್ನೋರು. ಕೇಳೋಕೆ ಹಿತವಾಗಿತ್ತು. ನಿಮ್ಮ ಹೆಸರು ಹೊಡೆದವ್ರೆ ಅಂತ ನಿನ್ನೆ ತಿಳೀತು. ನಿಜ ಹೇಳಿಬಿಡೋಣ ಅಂತ್ಲೇ ಬಂದೆ. ಬಂದು ಕಲ್ಲು ನುಂಗ್ತಾ ಕೂತೀನಿ.”

ಸಂತೋಷಮ್ಮ ಕೈ ಚಾಚಿ ಗಾಳಿಯಲ್ಲಿ ತಡಕಿದಳು. ಮೊದಲು ಹೆಗಲು ಸಿಕ್ಕಿತು, ಆಮೇಲೆ ತಲೆ. ಅದರ ಮೇಲೆ ಕೈಯಿಟ್ಟಳು.

“ಮೂರು ದಿನ ಹೊಟ್ಟೆಗಿಲ್ದೆ ಇದ್ದಿದ್ದು ಸುಳ್ಳಲ್ವಲ್ಲ,” ಎಂದಳು.

ಅವನು ಎಂಜಲುಗೈಯಲ್ಲೇ ಎದ್ದು ಅಂಗಳಕ್ಕೆ ಹೋದ. “ಪವಿತ್ರಕ್ಕಾ! ಶನಿವಾರದ ಪಟ್ಟೀಲಿ ಅಜ್ಜಿ ಹೆಸರು ವಾಪಸ್ ಬರೀರಿ.”

ಗೋಡೆಯಾಚೆಯಿಂದ ಪವಿತ್ರಳ ದನಿ ಬಂತು: “ಯಾಕ್ರೀ? ಕಣ್ಣು ಬಂದ್ವು ಅಂತ ಊರಿಗೆಲ್ಲ ಕೇಳೋಹಂಗೆ ಚಪ್ಪಾಳೆ ಹೊಡೆದ್ರಲ್ಲ?”

ಒಳಗೆ ಸಂತೋಷಮ್ಮ ಬಾಗಿಲ ಕಡೆ ಕಿವಿಗೊಟ್ಟಳು.

“ಬಂದಿಲ್ಲಕ್ಕ. ನನ್ನ ಪ್ರಾರ್ಥನೆಗೆ ಬರಲಿಲ್ಲ. ಭಾನುವಾರ ನಾನೇ ಎಲ್ಲರ ಮುಂದೆ ಹೇಳ್ತೀನಿ. ನೀವು ಹೆಸರು ಬರೀರಿ, ಚಳ್ಳಕೆರೆಗೆ ಜೊತೇಲಿ ನಾನೂ ಬರ್ತೀನಿ.”

“ಸೀಟಿಲ್ಲ ಪಾಸ್ಟ್ರೇ. ನಿಂತ್ಕೊಂಡು ಬರ್ಬೇಕಾಗ್ತೈತೆ.”

“ನಿಂತ್ಕೊಂಡೇ ಬರ್ತೀನಿ.”

ಅವನು ಒಳಗೆ ಬಂದು ತಟ್ಟೆಯ ಮುಂದೆ ಕೂತ. ಹುರುಳಿ ಸಾರು ಕಲಸಿದ ಸದ್ದು, ಒಂದು ತುತ್ತು, ಎರಡು ತುತ್ತು. ಕಟಕ್. ಸಂತೋಷಮ್ಮ ಲೋಟದ ಸದ್ದಿಗೆ ಕಾದಳು. ಅದು ಬರಲಿಲ್ಲ. ಅವಳು ಅಂಗೈ ಚಾಚಿದಳು. ಒದ್ದೆಯಾದ ಪುಟ್ಟ ಕಲ್ಲೊಂದು ಅದರಲ್ಲಿ ಬಂದು ಕೂತಿತು. ಬೆರಳಲ್ಲಿ ಹೊರಳಿಸಿ ನೋಡಿದಳು.

“ಅಯ್ಯೋ, ಹೆಸರುಕಾಳಿನಷ್ಟು ದಪ್ಪ ಐತಲ್ಲೋ ಮಗಾ! ಇಂಥವು ಎರಡು ನುಂಗಿದ್ಯಾ?” ಎಂದಳು. ಕಲ್ಲನ್ನು ಪಕ್ಕಕ್ಕಿಟ್ಟು, “ಉಣ್ಣು, ಉಣ್ಣು,” ಎನ್ನುತ್ತ ಅಂಗೈಯನ್ನು ಮತ್ತೆ ಅವನ ಮುಂದೆ ಚಾಚಿಕೊಂಡೇ ಕೂತಳು.