ಬಿಚ್ಚಿದ ತೋಳು

"ಮರೆವಿನ ಕಾಯಿಲೆಯವರ ಹತ್ತಿರ ದನಿ ಏರಿಸಬೇಡಿ. ಇವರನ್ನ ನೋಡಿ ಕಲೀರಿ, ಅಪ್ಪನಿಗೆ ಒಂದು ದಿನಾನೂ ಗದರಿದವರಲ್ಲ!" ಎಂದು ಆನ್‌ಲೈನ್ ತರಗತಿಯ ಮೇಡಂ ಮತ್ತೆ ದರ್ಜಿ ಹೆಂಗಸನ್ನೇ ಹೊಗಳಿದರು. ಫೋನಿನ ಪುಟ್ಟ ಚೌಕಗಳಲ್ಲಿದ್ದವರೆಲ್ಲ ಮನೆಯಲ್ಲಿ ಅಂಥದೇ ರೋಗಿಯನ್ನು ನೋಡಿಕೊಳ್ಳುವವರು, ಹೌದೌದೆಂದು ತಲೆಯಾಡಿಸಿದರು. ದರ್ಜಿ ಉಬ್ಬಿದಳು, ಒಳಗೊಳಗೇ ಕುಗ್ಗಿದಳು. ಗದರುವುದೇ ಇಲ್ಲ ಎಂದು ಮೊದಲ ದಿನ ಬಾಯಿಗೆ ಬಂದದ್ದು ಹೇಳಿಬಿಟ್ಟಿದ್ದಳು. ಆಡಿದ ಸುಳ್ಳನ್ನು ಈಗ ಸಾಕಬೇಕಲ್ಲ!

ಮೈಕು ಒತ್ತಿ, "ಪ್ರೀತಿಯಿಂದ ಹೇಳಿದ್ರೆ ಎಲ್ಲಾ ಕೇಳ್ತಾರೆ ಮೇಡಂ," ಎಂದು ಹಿಂದೆ ತಿರುಗಿದಳು. ಸಂಜೆ ಗಿರಾಕಿಗೆ ಕೊಡಬೇಕಿದ್ದ ಕೋಟಿನ ಎರಡೂ ತೋಳು ಬಿಚ್ಚಿಕೊಂಡು ಅಪ್ಪ ಕೂತಿದ್ದ. ಜೀವಮಾನವೆಲ್ಲ ಅದೇ ಹೊಲಿಗೆ ಮೆಷಿನ್ ತುಳಿದವನು.

"ತೋಳು ಸೊಟ್ಟ ಕೂತಿತ್ತು ಮಗಾ. ಬಿಚ್ಚಿಟ್ಟಿದೀನಿ."

"ಅಯ್ಯೋ, ನನ್ನ ಪ್ರಾಣ ಹಿಂಡೋಕೇ ಕೂತಿದೀಯಾ? ಮುಟ್ಟಬೇಡ ಅಂತ ಎಷ್ಟು ಸಲ ಬಡ್ಕೊಳ್ಳಲಿ! ಸಾಕಾಗಿ ಹೋಗಿದೆ ನಿನ್ನ ಸಹವಾಸ!"

ಅಪ್ಪ ತಬ್ಬಿಬ್ಬಾಗಿ ಕೈಗಳನ್ನು ಬೆನ್ನ ಹಿಂದೆ ಅಡಗಿಸಿಕೊಂಡ. ಆಗಲೇ ಫೋನಿನಿಂದ ಮೇಡಂ ದನಿ ಬಂತು: "ಅಮ್ಮಾ... ನಿಮ್ಮ ಮೈಕು ಆನ್ ಇದೆ."

ದರ್ಜಿ ಫೋನಿನತ್ತ ತಿರುಗಿದಳು. ತಲೆ ಎತ್ತದೆ, "ನಾನು ಹೇಳಿದ್ದೆಲ್ಲ ಸುಳ್ಳು ಮೇಡಂ. ದಿನಾ ಬೈತೀನಿ," ಎಂದಳು. ಇನ್ನು ಯಾವ ಮುಖ ಹೊತ್ತು ಇವರೆದುರು ಕೂರುವುದು? ತರಗತಿಯಿಂದ ಹೊರಬೀಳಲು ಬೆರಳು ಚಾಚಿದಳು.

"ಸ್ವಲ್ಪ ಇರಿ," ಎಂದ ಒಂದು ಚೌಕದ ಡ್ರೈವರ್. ಎಂದೂ ಬಾಯಿ ಬಿಡದ ಆಸಾಮಿ. "ನಿನ್ನೆ ನಾನು ಹೆಂಡ್ತಿ ಮುಂದೆ ಊಟದ ತಟ್ಟೆ ಕುಕ್ಕಿದೆ. ಹೆದರಿ ಮೂಲೆ ಸೇರ್ಕೊಂಡ್ಲು."

"ನಾನು ಅತ್ತೇನ ಕೋಣೇಲಿ ಬಿಟ್ಟು ಚಿಲಕ ಹಾಕ್ದೆ," ಎಂದು ಇನ್ನೊಂದು ಚೌಕದ ನರ್ಸ್ ಬಿಕ್ಕಿದಳು. ಆಮೇಲೆ ಒಬ್ಬೊಬ್ಬರದೇ ಮೈಕು ತೆರೆಯಿತು. ಮೇಡಂ ಕನ್ನಡಕ ತೆಗೆದು, "ನಮ್ಮಮ್ಮ ಇದ್ದಾಗ ನಾನೂ..." ಎಂದು ಅಲ್ಲಿಗೇ ನಿಲ್ಲಿಸಿ ಕಣ್ಣೊರೆಸಿಕೊಂಡರು. ದರ್ಜಿಯ ಬೆರಳು ಹಿಂದೆ ಸರಿಯಿತು. ಎಷ್ಟೋ ದಿನಗಳ ಮೇಲೆ ಅವಳ ಎದೆ ಹಗುರಾಗಿತ್ತು.

ಅಪ್ಪ ಮೆಲ್ಲಗೆ ಬಂದು ಅವಳ ಭುಜದ ಮೇಲಿಂದ ಬಗ್ಗಿ ನೋಡಿದ. ಬೈಸಿಕೊಂಡದ್ದು ಅವನಿಗೆ ಆಗಲೇ ಮರೆತುಹೋಗಿತ್ತು. ಚೌಕ ಚೌಕದಲ್ಲೂ ಅಳುವ ಮುಖ. ಕೈಯಲ್ಲಿದ್ದ ಕೋಟಿನ ತೋಳಿನಿಂದ ಪರದೆಯ ಮೇಲಿನ ಒಂದೊಂದೇ ಮುಖವನ್ನು ಒರೆಸುತ್ತಾ ಕೇಳಿದ:

"ಪಾಪ... ಇಷ್ಟು ಜನಕ್ಕೆ ಯಾರು ಮಗಾ ಬೈದಿದ್ದು?"